ಇಬ್ಬರು ಗೌರಾಬಾಯಿಯರನ್ನು ಒಂದೇ ಸಾಲಿಗೆ ಇಳಿಸಿದ ಸಾಹೇಬರಿಗೆ

ಕೂಡಿದ ಮಹಾಜನರೇ, ಮುಂದಿನ ಚಾಪೆಯ ಮೇಲೆ ಕುಳಿತವರೇ, ಹಿಂದೆ ಕಂಬಕ್ಕೆ ಒರಗಿ ನಿಂತವರೇ, ಪುಣೆಯಂಚಿನ ನಿಗಡಿ, ಆಕುರ್ಡಿಯಿಂದ ಬಸ್ಸು ಹಿಡಿದು ಬಂದ ವಿಜಯಪುರ, ಬಾಗಲಕೋಟೆಯ ಅಣ್ಣಗಳಿರಾ, ಕ್ಯಾಂಪಿನ ಹೋಟೆಲುಗಳ ಗಲ್ಲೆಯ ಮೇಲೆ ಕುಳಿತೇ ಈ ಪುಟ ಬಿಡಿಸಿರುವ ಕರಾವಳಿಯ ಬಂಧುಗಳೇ, ಸ್ವಲ್ಪ ಗದ್ದಲ ನಿಲ್ಲಿಸಿ. ಇವತ್ತು ನಾನು ಹೇಳಲಿರುವುದು ನಾಟಕದ ಮಾತಲ್ಲ. ಒಬ್ಬ ಅಧಿಕಾರಿಗೆ ಬರೆದ ಪತ್ರ. ಆ ಅಧಿಕಾರಿ ಈ ಸಭೆಯಲ್ಲಿಲ್ಲ, ಅವರಿಗೆ ಕನ್ನಡವೂ ಬರುವುದಿಲ್ಲ. ಮರಾಠಿಯಲ್ಲಿ ನಾನು ಅರ್ಜಿ ಬರೆದೆ. ಇಂಗ್ಲಿಷಿನಲ್ಲಿ ನನ್ನ ಮಗಳು ಬರೆದಳು. ಎರಡಕ್ಕೂ ಉತ್ತರವಿಲ್ಲ. ಇನ್ನು ಉಳಿದದ್ದು ನನಗೆ ಉಸಿರು ಹಿಡಿದು ಮಾತಾಡಲು ಬರುವ ಭಾಷೆ ಇದೊಂದೇ. ನೀವು ಕೇಳಿರಿ. ನಿಮ್ಮಲ್ಲಿ ಒಬ್ಬರಾದರೂ ಹೋಗಿ ಅವರಿಗೆ ಹೇಳುತ್ತೀರಿ.

ವಿಶ್ವವಿದ್ಯಾಲಯದ ಮಹಾಪ್ರಬಂಧ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ, ನಿಮ್ಮ ಕಚೇರಿ ಇಬ್ಬರು ಹೆಂಗಸರನ್ನು ಒಬ್ಬಳನ್ನಾಗಿ ಮಾಡಿದೆ. ಅವರಲ್ಲಿ ಒಬ್ಬಳು ಸತ್ತು ಅರವತ್ತು ವರ್ಷ ದಾಟಿದೆ. ಇನ್ನೊಬ್ಬಳು ನಿಗಡಿಯಲ್ಲಿ ಬದುಕಿದ್ದಾಳೆ. ನಿಮ್ಮ ಕಚೇರಿ ಉಳಿಸಿಕೊಂಡದ್ದು ಸತ್ತವಳನ್ನು.

ಇದು ನಡೆದದ್ದು ಒಂದು ಆಕರಸೂಚಿಯಲ್ಲಿ. ಸಭಿಕರಿಗಾಗಿ ಹೇಳುತ್ತೇನೆ: ಆಕರಸೂಚಿ ಎಂದರೆ ಮಹಾಪ್ರಬಂಧದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಯಾದಿ. ಇಂಥ ಪುಸ್ತಕದಿಂದ, ಇಂಥ ಕಾಗದದಿಂದ, ಇಂಥವರ ಬಾಯಿಂದ ನಾನು ಕಲಿತೆ ಎಂದು ಬರೆದವರು ತಲೆ ಬಾಗಿಸುವ ಜಾಗ. ಅದನ್ನು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತು. ನಾನೂ ಓದುತ್ತಿರಲಿಲ್ಲ. ಮಂಗಳದ ಹಾಡು ಶುರುವಾದ ಕೂಡಲೇ ಕತ್ತಲಲ್ಲಿ ಚಪ್ಪಲಿ ಹುಡುಕುವ ಜನ ನಾವು. ಆದರೆ ಈ ವರ್ಷ ನಾನು ಆ ಯಾದಿಯನ್ನು ಬೆರಳಿಟ್ಟು ಓದಿದ್ದೇನೆ, ಮತ್ತು ಅಲ್ಲಿ ಒಂದು ಹೆಣ ಮಾತಾಡುವುದನ್ನು ಕೇಳಿದ್ದೇನೆ. ಉತ್ಪ್ರೇಕ್ಷೆ ಎನ್ನಬೇಡಿ. ಮುಂದೆ ತಿಳಿಯುತ್ತದೆ.

ನಾನು ಚನ್ನವೀರ. ಪುಣೆ ಕ್ಯಾಂಪಿನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದೇನೆ. ನನ್ನ ತಂದೆ ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದರು: ಅರಮನೆ, ಅಡವಿ, ಬೀದಿ, ಸ್ಮಶಾನ. ನಾನು ಕಿಟಕಿಗೆ ಹಾಕುವ ಪರದೆ ಮಾರುತ್ತೇನೆ, ಅದರಲ್ಲಿ ಹೂವು ಬಿಟ್ಟರೆ ಬೇರೆ ಚಿತ್ರ ಬರುವುದಿಲ್ಲ. ನಮ್ಮ ಕಂಪನಿ ವಿಜಯಪುರದಿಂದ ಹೊರಟು ಸೊಲ್ಲಾಪುರ ದಾಟಿ, ಕಬ್ಬಿನ ಹಂಗಾಮಿನಲ್ಲಿ ಇಂದಾಪುರದವರೆಗೂ ಬಂದು ಡೇರೆ ಹಾಕುತ್ತಿತ್ತು. ಕಬ್ಬು ಕಡಿಯಲು ಬಂದ ನಮ್ಮ ಕಡೆಯ ಜನ ಆಟಕ್ಕೆ ಸೇರುತ್ತಿದ್ದರು. ನಾನು ಹುಟ್ಟಿದ್ದು ಅಂಥದೇ ಒಂದು ಬಿಡಾರದಲ್ಲಿ. ಮೊದಲು ಕೇಳಿದ್ದು ಹಾರ್ಮೋನಿಯಂ, ಆಮೇಲೆ ಅವ್ವನ ಜೋಗುಳ. ಹಾಗಾಗಿ ನನ್ನ ದನಿ ದೊಡ್ಡದು. ನನ್ನ ಮಗಳು ರೇಣು ಗ್ರಂಥಾಲಯಕ್ಕೆ ಹೋದಾಗ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಹೋಗುತ್ತಾಳೆ.

ಈ ರೇಣು ನಿಮ್ಮ ಸಂಶೋಧನಾ ವಿದ್ಯಾರ್ಥಿ. ಮಹಾರಾಷ್ಟ್ರದ ಗಡಿ ದಾಟಿ ಬರುತ್ತಿದ್ದ ಕನ್ನಡ ನಾಟಕ ಕಂಪನಿಗಳ ನಟಿಯರ ಮೇಲೆ ಮಹಾಪ್ರಬಂಧ ಬರೆದಿದ್ದಾಳೆ. ಅಜ್ಜ ಬರೆದ ಪರದೆಗಳು ಗೆದ್ದಲು ಹಿಡಿದು ಹೋದವು, ಮೊಮ್ಮಗಳಿಗಾದರೂ ಆ ಲೋಕದ ಒಂದು ತುಣುಕು ಸಿಗಲಿ ಎಂದು ನಾನು ಹಿಗ್ಗಿದೆ. ಅವಳು ಲ್ಯಾಪ್‌ಟಾಪನ್ನು ಅಂಗಡಿಗೇ ತಂದು, ಬಟ್ಟೆಯ ಥಾನುಗಳ ನಡುವೆ ಕುಳಿತು ಕೆಲಸ ಮಾಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದಳು.

"ಅಪ್ಪಾ, ಇಲ್ಲಿ ನೋಡು. ಇದು ಝೊಟೆರೊ ಅನ್ನೋ ಸಾಫ್ಟ್‌ವೇರ್. ನಾ ಓದಿದ್ದು, ಕೇಳಿದ್ದು ಎಲ್ಲಾ ಇದ್ರಾಗ ಕೂಡಿಟ್ಟೀನಿ. ಆಕರ ಬರಿಯೋ ಪದ್ಧತಿ ಬ್ಯಾರೆ ಬ್ಯಾರೆ ಅದಾವ, ಈಗ ಯಾದಿ ಎಂಎಲ್‌ಎ ಶೈಲಿಯೊಳಗ ಅದ. ಒಂದು ಗುಂಡಿ ಒತ್ತಿದ್ನಿ ಅಂದ್ರ ಎಪಿಎ. ಇನ್ನೊಂದು ಒತ್ತಿದ್ರ ಶಿಕಾಗೊ."

ಅವಳು ಒತ್ತಿದಳು. ಪುಟದ ತುಂಬ ಹೆಸರುಗಳು ಸರಸರ ಜಾಗ ಬದಲಿಸಿದವು. ಇಸವಿಗಳು ಹಿಂದಿನಿಂದ ಮುಂದಕ್ಕೆ ಓಡಿ ಬಂದವು, ಕೆಲವರ ಪೂರ್ತಿ ಹೆಸರು ಕುಗ್ಗಿ ಒಂದಕ್ಷರವಾಯಿತು. ಒಂದು ಹಗ್ಗ ಎಳೆದರೆ ಅರಮನೆ ಮೇಲೆ ಹೋಗಿ ಅಡವಿ ಕೆಳಗಿಳಿಯುತ್ತದಲ್ಲ, ಥೇಟು ಹಾಗೆ. ನನ್ನ ತಂದೆ ಇದ್ದಿದ್ದರೆ ಆ ಯಂತ್ರಕ್ಕೆ ಕುಂಕುಮ ಹಚ್ಚುತ್ತಿದ್ದರು.

"ಹಂಗಾರ ಈ ಮೂರ್ರಾಗ ಖರೇದ್ದು ಯಾವುದು?" ಎಂದೆ.

"ಎಲ್ಲಾನೂ ಖರೇನ. ಯಾರನ್ನ ಮುಂದ ನಿಂದರಸ್ತದ, ಯಾರನ್ನ ಒಳಗ ಕಳಸ್ತದ, ಅಷ್ಟ ಫರಕು."

ಮಾನ್ಯರೇ, ನಿಮ್ಮ ಸುತ್ತೋಲೆ ಬರೆದವರಿಗೆ ಈ ಫರಕು ತಿಳಿದಿತ್ತೇ? ನನಗೆ ರೇಣು ತಿಳಿಸಿದಳು. ಎಂಎಲ್‌ಎ ಶೈಲಿಯಲ್ಲಿ ಒಬ್ಬರ ಎದುರು ಕುಳಿತು ಕೇಳಿ ತಿಳಿದದ್ದಕ್ಕೂ ಆಕರಸೂಚಿಯಲ್ಲಿ ಒಂದು ಸಾಲು ಸಿಗುತ್ತದೆ, ಹೇಳಿದವರ ಹೆಸರು ಪುಸ್ತಕ ಬರೆದವರ ಪಕ್ಕದಲ್ಲಿ ಕೂಡುತ್ತದೆ. ಎಪಿಎಯಲ್ಲಿ ಸಂಶೋಧಕರೇ ನಡೆಸಿದ ಖಾಸಗಿ ಮಾತುಕತೆಗೆ ಆ ಕುರ್ಚಿ ಇಲ್ಲ. ಪ್ರಬಂಧದೊಳಗೆ ಕಂಸದಲ್ಲಿ ಒಂದು ಸಲ ಹೆಸರು ಹೇಳಿ ಕಳಿಸಿಬಿಡುತ್ತಾರೆ. ಕಾರಣ, ಓದುಗರು ಹುಡುಕಿಕೊಂಡು ಹೋದರೆ ಅದು ಸಿಗುವುದಿಲ್ಲ ಎಂಬುದು. ಮನೋವಿಜ್ಞಾನದ ಲೇಖನಕ್ಕೆ ಆ ನಿಯಮ ಸರಿಯೇ ಇದ್ದೀತು. ಆದರೆ ಜೀವಮಾನವಿಡೀ ಬಾಯಿಂದಲೇ ಬದುಕಿದ, ಒಂದು ಪುಟವನ್ನೂ ಅಚ್ಚು ಹಾಕಿಸದ ಹೆಂಗಸರ ಚರಿತ್ರೆಗೆ? ರೇಣುವಿನ ಗೈಡ್ ಮೇಡಂ ಇದನ್ನು ಮೊದಲ ದಿನವೇ ಯೋಚಿಸಿ, ನಿನ್ನ ವಿಷಯಕ್ಕೆ ಎಂಎಲ್‌ಎ ಇಟ್ಟುಕೋ ಎಂದಿದ್ದರು. ಶೈಲಿಯನ್ನು ಆರಿಸುವುದೆಂದರೆ ಪೂರ್ಣವಿರಾಮ ಎಲ್ಲಿಡಬೇಕೆಂದು ಆರಿಸುವುದಲ್ಲ, ಯಾರು ಸಾಕ್ಷಿ ಎಂದು ಆರಿಸುವುದು ಎಂಬುದು ಆ ತಾಯಿಗೆ ಗೊತ್ತಿತ್ತು.

ಈಗ ಪರದೆ ಸರಿಸುತ್ತೇನೆ. ನಿಗಡಿಯ ಒಂದು ಕೋಣೆ, ಮಧ್ಯಾಹ್ನದ ಬಿಸಿಲು. ಮಂಚದ ಮೇಲೆ ಎಂಬತ್ತು ದಾಟಿದ ಒಬ್ಬ ಹೆಂಗಸು. ಪುಣೆಯಲ್ಲಿರುವ ನಮ್ಮ ಕಡೆಯ ಹಿರಿಯರಿಗೆ ಆಕೆ ಗೌರಾಬಾಯಿ ಎಂದು ಗೊತ್ತು, ನಮ್ಮ ಕಂಪನಿಯ ಮುಖ್ಯ ನಟಿ. ನಾನು ಚಿಕ್ಕಂದಿನಿಂದ ಗೌರತ್ತಿ ಎಂದೇ ಕರೆದವನು. ಸಾಕುಮಗಳು ಸುಮಂಗಲಾ ಆಕೆಯನ್ನು ನೋಡಿಕೊಳ್ಳುತ್ತಾಳೆ. ರೇಣು ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಲು ಇಟ್ಟು, ಆಯಿ, ನೀವು ನಾಯಕಿ ಪಾತ್ರಕ್ಕೆ ಬಂದದ್ದು ಹೇಗೆ ಹೇಳಿರಿ ಎಂದಳು. ನಾನು ಬಾಗಿಲಲ್ಲಿ ಕುಳಿತಿದ್ದೆ. ಗೊತ್ತಿದ್ದ ಕಥೆಯೇ ಬರುತ್ತದೆಂದು ಕುಳಿತಿದ್ದೆ.

"ನಾ ಮೊದಲ ಗೌರಾಬಾಯಿ ಅಲ್ಲ ತಂಗಿ," ಎಂದಳು ಆಕೆ. "ಮೊದಲಿನಾಕಿ ಶರಣಮ್ಮ. ಹ್ಯಾಂಡ್‌ಬಿಲ್ ಮ್ಯಾಲ ಗೌರಾಬಾಯಿ ಅಂತಿದ್ರು. ದೊಡ್ಡ ಅಕ್ಷರದ ಮರದ ಅಚ್ಚು ಮಾಡಿಸಿದ್ರು ಮಾಲಕರು, ಆ ಹೆಸರಿಂದು. ನಾ ಸಖಿ ಪಾತ್ರದಾಕಿ. ಇಂದಾಪುರದಾಗ ಶರಣಮ್ಮಗ ಜ್ವರ ಬಂತು. ಮಧ್ಯಾಹ್ನದಾಗ ಜೀವ ಹೋತು. ಸಂಜಿಕ ಆಟ. ಪ್ರಸಿದ್ಧ ನಟಿ ಗೌರಾಬಾಯಿ ಇವರಿಂದ ಆಟ ಅಂತ ಊರೆಲ್ಲ ಹ್ಯಾಂಡ್‌ಬಿಲ್ ಹಂಚಿ ಬಂದಾರ. ಮಾಲಕರು ಬಂದ್ರು. ನನಗ ಅಳಾಕ ಬಿಡಲಿಲ್ಲ. ಏಳ ಹುಡುಗಿ, ಇವತ್ತಿನಿಂದ ನೀನ ಗೌರಾಬಾಯಿ, ಅಂದ್ರು."

"ಮಂದಿಗೆ ಗೊತ್ತಾಗಲಿಲ್ಲೇನ್ರಿ ಆಯಿ?"

"ಬಣ್ಣ ಬಳದ ಮ್ಯಾಲ ಯಾರ ಮಾರಿ ಯಾರಿಗೆ ಗೊತ್ತಾಗತೈತಿ. ಆಕಿ ಸೀರಿ ಉಡಿಸಿದ್ರು. ಅದಕ್ಕ ಇನ್ನ ಆಕಿ ಬೆವರಿನ ವಾಸನಿ ಇತ್ತು. ಆಟ ಮುಗಿಯೋತನಕ ಮಣ್ಣು ಮಾಡಬ್ಯಾಡ್ರಿ, ಊರಾಗ ಸುದ್ದಿ ಆಗತೈತಿ ಅಂದಿದ್ರು ಮಾಲಕರು. ಆಕಿ ಹಿಂದ ಬಿಡಾರದಾಗ ಮಲಗ್ಯಾಳ, ನಾ ಮುಂದ ಆಕಿ ಮಾತು ಆಡಾಕತ್ತೀನಿ. ಚಪ್ಪಾಳಿ ಬಿದ್ದೂ. ಅದು ಆಕಿ ಚಪ್ಪಾಳಿ. ಮಂದಿ ಆಕಿಗೆ ಹೊಡದದ್ದು."

ರೇಣು ಮೊಬೈಲನ್ನು ಆಕೆಯ ಹತ್ತಿರ ಸರಿಸಿದಳು.

"ಅವತ್ತಿನಿಂದ ನಾ ಎಲ್ಲೆರ ಮಾತು ಮರತ್ರ ಎಡಗಡಿ ಕಿವ್ಯಾಗ ಆಕಿ ಹೇಳಿಕೊಡತಿದ್ಲು. ಪ್ರಾಂಪ್ಟರ್ ಕೂಡತಿದ್ದದ್ದು ಬಲಗಡಿ." ಆಕೆ ಇದನ್ನು ಅಡುಗೆಯ ವಿಷಯ ಹೇಳಿದ ಹಾಗೆ ಹೇಳಿದಳು. "ಈಗೂ ಬರ್ತಾಳ. ನನಗೇನೂ ಮಾಡಂಗಿಲ್ಲ. ನನ್ನ ಹೆಸರು ಕೊಡು ಅಂತಾಳ. ನಿಂದು ನಂದಲ್ಲ, ನಂದು ನಿಂದಲ್ಲ, ಮಾಲಕರ ಕಡೆ ಹೋಗು ಅಂತೀನಿ. ಮಾಲಕರು ಸತ್ತು ಹೋಗ್ಯಾರ."

"ನಿಮ್ಮ ಖರೇ ಹೆಸರು ಏನ್ರಿ?"

"ಯಾರೂ ಕೇಳಿಲ್ಲ ನೋಡು ಇಷ್ಟು ದಿನಾ. ಶಿವಗಂಗವ್ವ. ಬರ್ಕೊ. ಆಕಿದು ಶರಣಮ್ಮ. ಎರಡೂ ಬರಿ. ಬ್ಯಾರೆ ಬ್ಯಾರೆ ಬರಿ. ಒಮ್ಮೆ ಕಾಗದದ ಮ್ಯಾಲ ಬ್ಯಾರೆ ಆದ್ವಿ ಅಂದ್ರ ಆಕೀನೂ ಹೋಗ್ತಾಳ, ನಾನೂ ಹೋಗ್ತೀನಿ."

ಮಾನ್ಯರೇ, ಒಬ್ಬ ಮುದುಕಿ ಜಗತ್ತನ್ನು ಕೇಳಿದ್ದು ಇಷ್ಟೇ. ಸನ್ಮಾನ ಕೇಳಲಿಲ್ಲ, ಶಾಲು ಕೇಳಲಿಲ್ಲ, ರಂಗಮಂದಿರಕ್ಕೆ ತನ್ನ ಹೆಸರಿಡಿ ಎನ್ನಲಿಲ್ಲ. ಎರಡು ಸಾಲು ಕೇಳಿದಳು.

ರೇಣು ಎರಡು ಸಾಲು ಮಾಡಿದಳು. ಒಂದು, ಇಂದಾಪುರದ ಆ ಹ್ಯಾಂಡ್‌ಬಿಲ್, ಅದರ ಒಂದೇ ಒಂದು ಪ್ರತಿ ನನ್ನ ತಂದೆಯ ಬಣ್ಣದ ಪೆಟ್ಟಿಗೆಯಲ್ಲಿ ಉಳಿದಿತ್ತು. ಇನ್ನೊಂದು, ನಿಗಡಿಯ ಸಂದರ್ಶನ. ಎರಡಕ್ಕೂ ಹೆಸರಿನ ಖಾನೆಯಲ್ಲಿ ಗೌರಾಬಾಯಿ ಎಂದೇ ತುಂಬಿದಳು, ಏಕೆಂದರೆ ನಾಟಕದವರನ್ನು ಅವರು ಪ್ರಸಿದ್ಧರಾದ ಹೆಸರಿನಿಂದಲೇ ನಮೂದಿಸಬೇಕೆಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ಶರಣಮ್ಮ, ಶಿವಗಂಗವ್ವ ಎಂಬ ನಿಜವಾದ ಹೆಸರುಗಳನ್ನು ಪ್ರತಿ ನಮೂದಿನ ಟಿಪ್ಪಣಿಯ ಖಾನೆಯಲ್ಲಿ ಬರೆದು, ಅವು ಯಾದಿಯಲ್ಲಿ ಆವರಣದೊಳಗೆ ಬರುವ ಹಾಗೆ ಹೊಂದಿಸಿದಳು. ಎಲ್ಲ ಸರಿಯಿತ್ತು. ಅಷ್ಟರಲ್ಲಿ ನಿಮ್ಮ ಸುತ್ತೋಲೆ ಬಂತು.

ಎಂಥ ಸುತ್ತೋಲೆ ಅದು. ಇನ್ನು ಮುಂದೆ ರಸಾಯನಶಾಸ್ತ್ರಕ್ಕೂ ರಂಗಭೂಮಿಗೂ ಒಂದೇ ಶೈಲಿ, ಲೇಖಕ ಮತ್ತು ಇಸವಿಯ ಶೈಲಿ, ಅದೇ ಎಪಿಎ. ಒಂದೇ ಸಾಫ್ಟ್‌ವೇರ್, ನಿಮ್ಮ ಕಚೇರಿ ಪರವಾನಗಿ ತಂದದ್ದು. ಬೇರೆಯದರಲ್ಲಿ ಕೂಡಿಟ್ಟವರು ಎಲ್ಲವನ್ನೂ ಇದಕ್ಕೆ ಸಾಗಿಸಬೇಕು. ಏಕರೂಪತೆಯಿಂದ ಗುಣಮಟ್ಟ ಬರುತ್ತದೆ ಎಂದು ಬರೆದಿದ್ದಿರಿ. ಬರುತ್ತದೆ ಸಾಹೇಬರೇ. ನಮ್ಮ ಮಾಲಕರೂ ಅದನ್ನೇ ನಂಬಿದ್ದರು: ಅಚ್ಚು ಒಂದೇ ಇರಲಿ, ಒಳಗೆ ಯಾರಾದರೂ ಇರಲಿ.

ಕಡ್ಡಾಯ ತರಬೇತಿಯ ದಿನ ದೊಡ್ಡ ಹಾಲಿನಲ್ಲಿ ಎಲ್ಲ ವಿದ್ಯಾರ್ಥಿಗಳನ್ನು ಕೂಡಿಸಿ ನಿಮ್ಮ ತರಬೇತುದಾರರು ಮುಂದಿನ ತೆರೆಯ ಮೇಲೆ ತೋರಿಸುತ್ತ ಹೋದರು. ಒಂದು ಕಡೆ ಯಂತ್ರ ಕೇಳುತ್ತದೆ: ಒಂದೇ ರೀತಿಯ ನಮೂದುಗಳು ಕಂಡಿವೆ, ಕೂಡಿಸಲೇ? ಒಂದೊಂದಾಗಿ ನೋಡಿ ಹೇಳಬಹುದಿತ್ತು. ಊಟದ ಹೊತ್ತಾಗಿತ್ತಂತೆ. ಎಲ್ಲರೂ ‘ಎಲ್ಲವನ್ನೂ ಕೂಡಿಸು’ ಒತ್ತಿರಿ ಎಂದರು. ಒತ್ತಿದರು. ಗೌರಾಬಾಯಿ ಮತ್ತು ಗೌರಾಬಾಯಿ, ಅದೇ ಕಂಪನಿ, ಅದೇ ಪಾತ್ರ. ಯಂತ್ರದ ತಪ್ಪೆನ್ನಲಾರೆ. ಕಣ್ಣಿದ್ದ ಇಂದಾಪುರದ ಪ್ರೇಕ್ಷಕರೇ ಒಬ್ಬಳೆಂದು ನಂಬಿದರು, ಅದು ಹೇಗೆ ಇಬ್ಬರೆಂದು ತಿಳಿದೀತು? ಹಳೆಯ ನಮೂದು ಉಳಿಯಿತು, ಹೊಸದು ಅದರೊಳಗೆ ಇಳಿದು ಹೋಯಿತು. ಟಿಪ್ಪಣಿಯ ಖಾನೆ ನಿಮ್ಮ ಶೈಲಿಯಲ್ಲಿ ಅಚ್ಚಾಗುವುದೇ ಇಲ್ಲ. ಅವಸರದಲ್ಲಿ ಪ್ರಬಂಧ ಸಲ್ಲಿಕೆಯಾಯಿತು. ಸಲ್ಲಿಸಿದ ಮೇಲೆ ನಿಮ್ಮ ವ್ಯವಸ್ಥೆ ಬೀಗ ಹಾಕಿಕೊಳ್ಳುತ್ತದೆ, ಕೀಲಿ ನಿಮ್ಮ ಕೈಯಲ್ಲಿ.

ಪರಿಶೀಲನೆಯ ಷರಾ ಬಂದ ಮೇಲೆಯೇ ನಮಗೆ ತಿಳಿದದ್ದು. ಷರಾ ಹೀಗಿತ್ತು: ಅಭ್ಯರ್ಥಿಯೇ ಬರೆದಿರುವಂತೆ ಗೌರಾಬಾಯಿ ಇಂದಾಪುರದಲ್ಲಿ ತೀರಿಕೊಂಡಿದ್ದಾರೆ, ಅದೇ ಗೌರಾಬಾಯಿ ಇತ್ತೀಚೆಗೆ ಸಂದರ್ಶನ ನೀಡಿದ್ದಾರೆ, ಮೃತ ವ್ಯಕ್ತಿಯ ಸಂದರ್ಶನವನ್ನು ಆಧರಿಸಿದ ಅಧ್ಯಾಯವನ್ನು ತೆಗೆಯತಕ್ಕದ್ದು ಅಥವಾ ವಿವರಣೆ ನೀಡತಕ್ಕದ್ದು.

ರೇಣು ಅಂಗಡಿಯಲ್ಲಿ ಕುಳಿತು ಆ ಸಾಫ್ಟ್‌ವೇರ್ ತೆರೆದಳು. ಇಂದಾಪುರದ ಹ್ಯಾಂಡ್‌ಬಿಲ್ಲಿನ ನಮೂದು ಅಲ್ಲಿತ್ತು, ಶರಣಮ್ಮ ಸತ್ತ ದಿನದ ಆಟದ್ದು. ಅದರ ಕೆಳಗೆ ಒಂದು ಕಡತ ಅಂಟಿಕೊಂಡಿತ್ತು. ರೇಣು ಒತ್ತಿದಳು. ಅಂಗಡಿಯ ತುಂಬ ಒಂದು ದನಿ ಎದ್ದಿತು. "ಆಕಿ ಹಿಂದ ಬಿಡಾರದಾಗ ಮಲಗ್ಯಾಳ, ನಾ ಮುಂದ ಆಕಿ ಮಾತು ಆಡಾಕತ್ತೀನಿ." ಪರದೆ ಆರಿಸಲು ಬಂದಿದ್ದ ಗಿರಾಕಿಯೊಬ್ಬರು ಕೈಯಲ್ಲಿದ್ದ ಬಟ್ಟೆ ಬಿಟ್ಟು, ಯಾರದು ಈ ದನಿ ಎಂದರು. ನಾನು ಏನು ಹೇಳಲಿ? ನಿಮ್ಮ ದಾಖಲೆಯ ಪ್ರಕಾರ ಅದು ಶರಣಮ್ಮ. ಆಟ ಮುಗಿಯಲೆಂದು ಹೆಣವಾಗಿ ಕಾಯುತ್ತ ಮಲಗಿದ್ದವಳು. ಅವಳೇ ಎದ್ದು ಕುಳಿತು, ತನ್ನ ಸಾವಿನ ವರದಿ ತಾನೇ ಓದುತ್ತಿದ್ದಳು. ನಾನು ನೂರಾರು ನಾಟಕ ನೋಡಿದವನು, ಬಿಳಿ ಸೀರೆಯ ದೆವ್ವಗಳನ್ನು ಕಂಡು ನಕ್ಕವನು. ಅವತ್ತು ನಾನೇ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದೆ.

ಆಮೇಲೆ ನಿಮ್ಮ ಕಚೇರಿಗೆ ಬಂದೆವು. ಕೌಂಟರಿನಲ್ಲಿ ಪ್ರೇಮಕುಮಾರ ಎಂಬ ಗುಮಾಸ್ತರಿದ್ದರು. ನಾನು ರೇಣುವಿನ ಕೂಡ ಕನ್ನಡದಲ್ಲಿ ಗೊಣಗಿದ್ದು ಕೇಳಿ, ಮರಾಠಿ ಬಿಟ್ಟು, ಯಾವೂರ್ರಿ ನಿಮ್ಮದು ಎಂದರು. ಜಮಖಂಡಿಯವರಂತೆ. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದರು.

"ಅಣ್ಣಾರ, ಎರಡು ಮಾಡೋದು ಚಣದ ಕೆಲಸ. ಆದ್ರ ಸಾಹೇಬರ ಮಂಜೂರಿ ಬೇಕು. ಸಾಹೇಬರು ಪುರಾವೆ ಕೇಳ್ತಾರ. ಸತ್ತವರದು ಮರಣ ದಾಖಲೆ ಅದ ಏನ್ರಿ?"

"ಡೇರೆದಾಗ ಸತ್ತಾಕಿಗೆ ಯಾರು ಕೊಡ್ತಾರ್ರಿ ದಾಖಲೆ."

"ಬದುಕಿದವರದು?"

"ಆಧಾರ್ ಅದ. ಶಿವಗಂಗವ್ವ ಅಂತ."

"ಅದರಾಗ ಗೌರಾಬಾಯಿ ಅಂತ ಇಲ್ಲಲ್ಲರಿ ಮತ್ತ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನೋಡ್ರಿ ಹೆಂಗಾತು. ಸತ್ತಾಕಿ ಸತ್ತಾಳ ಅಂತ ಪುರಾವೆ ಇಲ್ಲ. ಬದುಕಿದಾಕಿ ಆಕಿ ಅಂತ ಪುರಾವೆ ಇಲ್ಲ. ನಾ ಯಾವ ಕಾಗದಾ ಒಳಗ ಒಯ್ಯಲಿ?"

ಕಾಗದವಿಲ್ಲದೆಯೇ ನಾನು ಒಳಗೆ ಬಂದೆ. ನಿಮಗೆ ನೆನಪಿರಬೇಕು. ಬಾಗಿಲಿನಿಂದಲೇ ಶುರು ಮಾಡಿದೆ, ಇಂದಾಪುರದ ಡೇರೆಯಿಂದ ಹಿಡಿದು ಊಟದ ಹೊತ್ತಿನ ಗುಂಡಿಯವರೆಗೆ. ನೀವು ಅರ್ಧಕ್ಕೇ ಕೈಯೆತ್ತಿ, "ಕಾಕಾ, ಎವಢಂ ನಾಟಕ ಕಶಾಲಾ?" ಎಂದಿರಿ. ಇಷ್ಟು ನಾಟಕ ಯಾಕೆ ಎಂದು. ಒಳ್ಳೆಯ ಪ್ರಶ್ನೆ. ನಾಟಕದವರ ಮೇಲೆ ಬರೆದ ಪ್ರಬಂಧವನ್ನು ಹಿಡಿದು ನಿಂತವನಿಗೆ ಇದಕ್ಕಿಂತ ತಕ್ಕ ಪ್ರಶ್ನೆ ಯಾರು ಕೇಳಿಯಾರು? ಆಮೇಲೆ ರೇಣುವಿನ ಕಡೆ ತಿರುಗಿ, ಒಂದು ಅಧ್ಯಾಯ ತೆಗೆದರೆ ಈ ತಿಂಗಳೇ ಪದವಿ, ಇಲ್ಲದಿದ್ದರೆ ಸಮಿತಿಗೆ ಹೋಗುತ್ತದೆ, ಎಷ್ಟು ದಿನವೋ ಹೇಳಲಾಗದು ಎಂದಿರಿ. ಬಯ್ಯಲಿಲ್ಲ. ಅಕ್ಕರೆಯಿಂದಲೇ ಹೇಳಿದಿರಿ. ಮಾಲಕರೂ ಅಕ್ಕರೆಯಿಂದಲೇ ಹೇಳಿದ್ದರಂತೆ.

ಮೆಟ್ಟಿಲಿಳಿಯುವಾಗ ರೇಣು ಎಂದಳು: "ಅಧ್ಯಾಯ ತಗದ್ರ ನನಗ ಡಿಗ್ರಿ ಬರ್ತದ ಅಪ್ಪಾ. ಆಯಿ ಎಲ್ಲಿಗೆ ಹೋಗ್ತಾಳ?"

ನಾವು ನಿಗಡಿಗೆ ಹೋದೆವು. ಬದುಕಿದ್ದೇನೆ ಎಂಬ ಒಂದು ಹೇಳಿಕೆಗೆ ಹೆಬ್ಬೆಟ್ಟು ಬೇಕಿತ್ತು. ಯಾಕೆಂದು ಹೇಳದೆ ಒತ್ತಿಸಿಕೊಳ್ಳಲು ರೇಣುವಿಗೆ ಮನಸ್ಸಾಗಲಿಲ್ಲ. ಯಂತ್ರ, ಸುತ್ತೋಲೆ, ಶೈಲಿ ಎಂದು ತಡವರಿಸುತ್ತ ಹೇಳಿದಳು. ಮುದುಕಿ ಅರ್ಧ ಕೇಳುವಷ್ಟರಲ್ಲಿ ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದಳು.

"ಕೂಡಿಸಿಬಿಟ್ರು?"

"ಹೌದ್ರಿ ಆಯಿ. ಬಿಡಸ್ತೀವಿ."

"ಯಾರನ್ನ ಇಟ್ಕೊಂಡ್ರು?"

ರೇಣು ಹೇಳಿಕೆಯ ಕಾಗದವನ್ನು ಮಡಿಲಲ್ಲಿ ಮಗುಚಿಟ್ಟಳು.

"ಹಳೇದು ಇಟ್ಕೊಂತದರಿ. ಹೊಸಾದು ಅದರಾಗ ಸೇರತದ."

"ಹಿರ್ಯಾಕಿ ಅಲ್ಲೇನ ಆಕಿ. ಆಕಿನ್ನ ಇಟ್ಕೋಬೇಕು." ಸಿಟ್ಟಿಲ್ಲ, ಕಣ್ಣೀರಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಚಿ ಬಿಚ್ಚಿ ಮಾಡಿದಳು. "ಹಂಗಾರ ನಾ ಯಾವಾಗ ಸತ್ತೆ ಚನ್ನಾ?"

ನನ್ನನ್ನು ಕೇಳಿದ್ದು. ಅರಮನೆಯ ಪರದೆಯ ಮುಂದೆ ನಿಂತು ರಾಜರ ಪಾತ್ರಗಳಿಗೆ ದನಿ ಕೊಡಬಲ್ಲ ನಾನು, ಆ ಕೋಣೆಯಲ್ಲಿ ಶಾಯಿಯ ಡಬ್ಬಿ ಬಿಚ್ಚಿ ಆಕೆಯ ಮುಂದೆ ಹಿಡಿದೆ. ಹೆಬ್ಬೆಟ್ಟು ಒತ್ತಿದಳು. ಅದನ್ನು ನಿಮಗೆ ಕಳಿಸಿದೆವು. ಗೌರಾಬಾಯಿ ಬದುಕಿದ್ದಾಳೆಂದು ಶಿವಗಂಗವ್ವ ಹೇಳಿದರೆ ಹೇಗೆ ನಂಬುವುದು ಎಂದು ನಿಮ್ಮ ಕಚೇರಿಯವರು ಅದನ್ನು ಮರಳಿಸಿದರು.

ಈಗ ನನ್ನ ವಾದ ಕೇಳಿ. ಹುಡುಕಿದರೆ ಸಿಗಬೇಕು, ಸಿಗದ್ದನ್ನು ಯಾದಿಗೆ ಸೇರಿಸಬೇಡಿ, ಇದಲ್ಲವೇ ನಿಮ್ಮ ಶೈಲಿಯ ಧರ್ಮ? ಹಾಗಾದರೆ ಆ ಹ್ಯಾಂಡ್‌ಬಿಲ್ ಹುಡುಕಿ ತೋರಿಸಿ. ಯಾವ ಗ್ರಂಥಾಲಯದಲ್ಲಿದೆ? ಯಾವ ಸಂಗ್ರಹದಲ್ಲಿದೆ? ಒಂದು ತಗಡಿನ ಪೆಟ್ಟಿಗೆಯಲ್ಲಿದೆ, ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೆ ನಿಮ್ಮ ಯಾದಿಯಲ್ಲಿ ಸಕಲ ಮರ್ಯಾದೆ, ಏಕೆಂದರೆ ಅದು ಅಚ್ಚಾಗಿದೆ. ಶಿವಗಂಗವ್ವನನ್ನು ಹುಡುಕಲು ನಿಗಡಿಗೆ ಬಸ್ಸು ಹತ್ತಿದರೆ ಸಾಕು, ನಾಟಕದ ಆಯಿಯ ಮನೆ ಎಂದರೆ ತರಕಾರಿ ಮಾರುವವರೂ ತೋರಿಸುತ್ತಾರೆ, ಹೋದವರಿಗೆ ಚಹಾ ಸಿಗುತ್ತದೆ. ಆಕೆ ‘ಸಿಗಲಾರದ ಆಕರ’. ಇದು ಯಾವ ಸೀಮೆಯ ವಿದ್ವತ್ತು? ಅಚ್ಚಿನಲ್ಲಿದ್ದ ಸುಳ್ಳು ಸಿಗು‌ತ್ತದೆ, ಬಾಯಲ್ಲಿರುವ ನಿಜ ಸಿಗುವುದಿಲ್ಲ. ಆ ಹ್ಯಾಂಡ್‌ಬಿಲ್ ಸುಳ್ಳು ಹೇಳಿತ್ತು ಮಾನ್ಯರೇ. ಅವತ್ತಿನ ಆಟದಲ್ಲಿ ಅದು ಹೇಳಿದವಳು ಬರಲೇ ಇಲ್ಲ. ಅದು ಸುಳ್ಳೆಂದು ಹೇಳಬಲ್ಲ ಒಬ್ಬಳೇ ಒಬ್ಬಳನ್ನು ನೀವು ಅದರ ಹೊಟ್ಟೆಯೊಳಗೆ ಸೇರಿಸಿ ಬೀಗ ಹಾಕಿದ್ದೀರಿ.

ಯಂತ್ರಗಳ ಮೇಲೆ ನನಗೆ ದ್ವೇಷವಿಲ್ಲ. ರೇಣುವಿನ ಹಳೆಯ ಸಂಗ್ರಹದಲ್ಲಿ ಎರಡು ಸಾಲೂ ಹಾಗೇ ಇವೆ, ನಾನೇ ನೋಡಿದ್ದೇನೆ. ಹಗ್ಗ ಎಳೆಯುವವನು ವೇದಿಕೆಯ ಮೇಲೆ ಯಾರಿದ್ದಾರೆಂದು ಒಮ್ಮೆ ಇಣುಕಿ ನೋಡಿ ಎಳೆಯಬೇಕು, ನನ್ನ ತಂದೆ ಕಲಿಸಿದ್ದು ಅಷ್ಟೇ. ನೋಡದೆ ಎಳೆದರೆ ಪರದೆಯ ಕೆಳಗೆ ಕಟ್ಟಿದ ಕೋಲು ತಲೆಯ ಮೇಲೆ ಬೀಳುತ್ತದೆ.

ಬಿದ್ದದ್ದನ್ನೂ ಹೇಳಿ ಮುಗಿಸುತ್ತೇನೆ. ಹೋದ ವಾರ ಸುಮಂಗಲಾ ಫೋನು ಮಾಡಿದ್ದಳು. ಆಕೆ ಹೆದರಿದ್ದಳು, ಆದರೆ ಮಾತು ನಿಧಾನವಾಗಿತ್ತು.

"ಅಣ್ಣಾ, ಅವ್ವನ್ನ ದವಾಖಾನಿಗೆ ಕರಕೊಂಡ ಹೋಗಿದ್ನಿರಿ. ನರ್ಸಬಾಯಿ ಶಿವಗಂಗವ್ವಾ ಅಂತ ಕೂಗಿದ್ರ ಏಳವಲ್ಲಳು. ಎರಡು ಸಲ ಕೂಗಿದ್ರು. ಬಾಜೂಕಿನ ಕುರ್ಚಿ ಕಡೆ ಹೊಳ್ಳಿ, ನಿನ್ನ ಕರ್ಯಾಕತ್ತಾರ ನೋಡ, ಹೋಗು ಅಂದ್ಲು."

"ಬಾಜೂಕ ಯಾರಿದ್ರು?"

"ಯಾರೂ ಇರಲಿಲ್ಲರಿ."

ಅಂದಿನಿಂದ ಹಾಗೆಯೇ ಇದೆಯಂತೆ. ಹೆಸರು ಕೇಳಿದರೆ ಸುಮ್ಮನೆ ನಗುತ್ತಾಳಂತೆ. ಶರಣಮ್ಮ ಈಗ ಕಿವಿಯಲ್ಲಿ ಬಂದು ಹೆಸರು ಕೇಳುವುದಿಲ್ಲವಂತೆ, ಅವಳಿಗೆ ಬೇಕಾದದ್ದು ಸಿಕ್ಕಿತು ಎನ್ನುತ್ತಾಳಂತೆ. ವೈದ್ಯರು ವಯಸ್ಸು ಎಂದರು. ವಯಸ್ಸೇ ಇರಬಹುದು. ನನಗೆ ವೈದ್ಯಶಾಸ್ತ್ರ ತಿಳಿಯದು. ಆದರೆ ನಮ್ಮ ಹೇಳಿಕೆ ಮರಳಿ ಬಂದ ದಿನ ಮತ್ತು ಆಕೆ ತನ್ನ ಹೆಸರಿಗೆ ಏಳದೆ ಕುಳಿತ ದಿನ, ಇವೆರಡರ ನಡುವೆ ಇದ್ದದ್ದು ನಿಮ್ಮ ಕಚೇರಿ. ಅರವತ್ತು ವರ್ಷ ಸತ್ತವಳ ಹೆಸರಿನಲ್ಲಿ ಕುಣಿದು, ಹಾಡಿ, ಊಟ ಮಾಡಿಯೂ ಆಕೆ ತಾನು ಯಾರೆಂಬುದನ್ನು ಒಳಗೆ ಗಟ್ಟಿಯಾಗಿ ಹಿಡಿದಿದ್ದಳು. ಮಾಲಕರಿಂದ ಆಗದ್ದನ್ನು ನೀವು ಮಾಡಿದಿರಿ.

ಆದ್ದರಿಂದ ಕೇಳುತ್ತೇನೆ, ಬೇಡುವುದಿಲ್ಲ. ಬೀಗ ತೆಗೆಯಿರಿ. ಕೂಡಿಸಿದ್ದನ್ನು ಬಿಡಿಸಿರಿ. ಶರಣಮ್ಮನಿಗೆ ಒಂದು ಸಾಲು, ಶಿವಗಂಗವ್ವನಿಗೆ ಒಂದು ಸಾಲು, ಇಬ್ಬರಿಗೂ ಅವರವರ ಹೆಸರು ಮುಂದೆ, ಕಂಪನಿ ಕೊಟ್ಟ ಹೆಸರು ಹಿಂದೆ. ನಿಮ್ಮ ಸುತ್ತೋಲೆಗೆ ಇನ್ನೊಂದು ವಾಕ್ಯ ಸೇರಿಸಿ: ವಿಷಯಕ್ಕೆ ತಕ್ಕ ಶೈಲಿಯನ್ನು, ಸಂಗ್ರಹಕ್ಕೆ ತಕ್ಕ ಸಾಫ್ಟ್‌ವೇರನ್ನು ವಿದ್ಯಾರ್ಥಿ ಮತ್ತು ಮಾರ್ಗದರ್ಶಕರು ಆರಿಸಿಕೊಳ್ಳಬಹುದು, ಮಾತಾಡಿ ಹೇಳಿದವರ ಹೆಸರನ್ನು ಯಾವ ಶೈಲಿಯ ನೆಪದಿಂದಲೂ ಯಾದಿಯಿಂದ ಬಿಡತಕ್ಕದ್ದಲ್ಲ. ಅಧ್ಯಾಯವನ್ನು ರೇಣು ತೆಗೆಯುವುದಿಲ್ಲ. ಪದವಿ ತಡವಾದರೆ ಆಗಲಿ ಎಂದಿದ್ದಾಳೆ, ಅದನ್ನು ಅವಳು ಪಿಸುಮಾತಿನಲ್ಲಿ ಹೇಳಿದಳು, ನಾನು ಇಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮತ್ತೆ, ಪುರಾವೆ ಕೇಳಿದ್ದಿರಲ್ಲ. ನಾಳೆ ಬೆಳಿಗ್ಗೆ ನಾನು ಅಂಗಡಿ ತೆರೆಯುವುದಿಲ್ಲ. ನಿಗಡಿಗೆ ಹೋಗಿ, ಸುಮಂಗಲಾಳಿಗೆ ಹೇಳಿ ಆಕೆಗೆ ಒಗೆದ ಸೀರೆ ಉಡಿಸಿ, ರಿಕ್ಷಾದಲ್ಲಿ ಕೂಡಿಸಿಕೊಂಡು ನಿಮ್ಮ ಕಚೇರಿಗೆ ಕರೆತರುತ್ತೇನೆ. ಪ್ರೇಮಕುಮಾರ ಅವರು ಬಾಗಿಲು ತೆಗೆಯುವ ಹೊತ್ತಿಗೆ ನಾವು ಮೆಟ್ಟಿಲ ಮೇಲಿರುತ್ತೇವೆ. ನಾನು ಒಂದು ಮಾತೂ ಆಡುವುದಿಲ್ಲ, ಎಡಗಡೆಯಿಂದಲೂ ಇಲ್ಲ, ಬಲಗಡೆಯಿಂದಲೂ ಇಲ್ಲ. ನೀವೇ ಆಕೆಯ ಎದುರು ಕುಳಿತು, ಅಜ್ಜಿ, ನಿಮ್ಮ ಹೆಸರೇನು ಎಂದು ಕೇಳಿ. ಆಕೆ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಶಿವಗಂಗವ್ವ ಎಂದರೆ ನೀವು ಇನ್ನೂ ತಡ ಮಾಡಿಲ್ಲ, ಕೂಡಲೇ ಬರೆಯಿರಿ. ಬೇರೆ ಹೆಸರು ಹೇಳಿದರೆ, ಅವತ್ತು ನಿಮ್ಮ ಮೇಜಿನ ಮುಂದೆ ಬಂದು ಕೂತವರು ಯಾರು ಎಂಬ ವಿವರಣೆಯನ್ನು ನೀವು ನೀಡತಕ್ಕದ್ದು.

ಇಂತಿ,
ಜೋರು ದನಿಯವನಾದರೂ ನಿಮ್ಮ ಬಾಗಿಲೊಳಗೆ ಇನ್ನೂ ಕೇಳಿಸದ,
ಚನ್ನವೀರ,
ಪರದೆ ಬಟ್ಟೆ ವ್ಯಾಪಾರಿ, ಪುಣೆ ಕ್ಯಾಂಪ್